ನಗೆಯ ಮದ್ದು: ತಿಪಟೂರಿನ ನರಸಿಂಹರಾಜು

ನೊಂದವರಿಗೆ ಸಾಂತ್ವನ ಹೇಳುವವರು ಅನೇಕರು. ನೊಂದವರನ್ನು ನಗಿಸಬಲ್ಲವರು ವಿರಳ. ಅಂಥ ವಿರಳರಲ್ಲೊಬ್ಬರಾದ ಟಿ. ಆರ್. ನರಸಿಂಹರಾಜು ಜನಿಸಿದ್ದು 1923ರಲ್ಲಿ, ಕೊಬ್ಬರಿಯ ಊರಾದ ತಿಪಟೂರಿನಲ್ಲಿ.

ಬಾಲ್ಯದಲ್ಲಿಯೇ ಅವರ ಮುಖಕ್ಕೆ ಬಣ್ಣ ಹತ್ತಿತು. ವೃತ್ತಿನಾಟಕ ಮಂಡಲಿಗಳೇ ಅವರ ಪಾಠಶಾಲೆ. ಬಾಲಪಾತ್ರಗಳಿಂದ ತೊಡಗಿ, ಕಂಪೆನಿಯಿಂದ ಕಂಪೆನಿಗೆ ಅಲೆದು, ನೆರೆಯ ಗುಬ್ಬಿಯ ವೀರಣ್ಣನವರ ಮಂಡಲಿಯಲ್ಲಿಯೂ ಪಳಗಿದರು. ಬಡಕಲು ಮೈ, ಮುಂದೆ ಚಾಚಿದ ಹಲ್ಲು. ನಾಯಕನ ಪಾತ್ರಕ್ಕೆ ಒದಗುವ ರೂಪಲ್ಲ. ಆದರೆ ಲೋಕವು ಕುಂದೆಂದು ಎಣಿಸುವುದನ್ನೇ ಅವರು ಬಂಡವಾಳ ಮಾಡಿಕೊಂಡರು. ಪರರನ್ನು ಹೀಯಾಳಿಸಿ ನಗಿಸುವುದು ಸುಲಭ. ಅವರು ನಗೆಗೆ ತಮ್ಮನ್ನೇ ಒಡ್ಡಿಕೊಂಡರು.

1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಅವರನ್ನು ಚಿತ್ರರಂಗಕ್ಕೆ ತಂದಿತು. ರಾಜಕುಮಾರ್ ಅವರು ನಾಯಕರಾದದ್ದೂ ಅದೇ ಚಿತ್ರದಿಂದ. ಅಂದಿನಿಂದ ಸುಮಾರು ಕಾಲು ಶತಮಾನ, ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ, ನರಸಿಂಹರಾಜು ಕನ್ನಡಿಗರನ್ನು ನಗಿಸಿದರು.

ಆದರೆ ನಗಿಸುವವನ ಮನೆಯ ಒಲೆಯೂ ಉರಿಯಬೇಕಷ್ಟೆ! ಐವತ್ತರ ದಶಕದ ಕೊನೆಯಲ್ಲಿ ಕನ್ನಡ ಚಿತ್ರಗಳ ನಿರ್ಮಾಣ ಕುಗ್ಗಿ ಕಲಾವಿದರು ಕೆಲಸವಿಲ್ಲದೆ ಕುಳಿತರು. ಆಗ ರಾಜಕುಮಾರ್, ಬಾಲಕೃಷ್ಣ, ಜಿ. ವಿ. ಅಯ್ಯರ್ ಅವರೊಡನೆ ನರಸಿಂಹರಾಜು ಕಲಾವಿದರ ಸಂಘವನ್ನು ಕಟ್ಟಿದರು. ಊರೂರು ತಿರುಗಿ ನಾಟಕವಾಡಿ ಹಣ ಕೂಡಿಸಿದರು. ಆ ಸಂಘದ ಚಿತ್ರವೇ 1960ರ ‘ರಣಧೀರ ಕಂಠೀರವ’. ಪರರ ದುಃಖವನ್ನು ಮರೆಸುವವರು ತಮ್ಮ ಬಳಗದ ದುಃಖಕ್ಕೂ ಬೆನ್ನು ತೋರಿಸಲಿಲ್ಲ.

1965ರಲ್ಲಿ ಬಂದ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ದಲ್ಲಿ ಅವರದು ನಕ್ಷತ್ರಿಕನ ಪಾತ್ರ. ಈ ಕಥೆಗಿಂತ ದಾರುಣವಾದುದು ನಮ್ಮಲ್ಲಿ ಯಾವುದಿದೆ? ಮಡದಿ ಮಕ್ಕಳನ್ನು ಮಾರಿದ ಅರಸನನ್ನು ಸಾಲಕ್ಕಾಗಿ ಬೆನ್ನಟ್ಟುವವನೇ ನಕ್ಷತ್ರಿಕ. ಅವನ ಹೆಸರು ನಮ್ಮ ಆಡುಮಾತಿನಲ್ಲಿ ಕಾಟಕ್ಕೆ ಪರ್ಯಾಯವಾಗಿದೆ. ತೆಂಗು ಒಣಗಿ, ಕೊಬ್ಬರಿಯ ಬೆಲೆ ಕುಸಿದ ವರ್ಷ ಬಾಗಿಲಿಗೆ ಬರುವ ಸಾಲಗಾರನನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನು ಬಲ್ಲ. ಅಂಥ ಭೀತಿಯ ಮೂರ್ತಿಯನ್ನೇ ನರಸಿಂಹರಾಜು ನಗೆಯ ಮೂರ್ತಿಯಾಗಿಸಿದರು. ನಕ್ಕ ಮಾತ್ರಕ್ಕೆ ಸಾಲ ತೀರದು, ನಿಜ. ಆದರೆ ಯಾವುದನ್ನು ಕಂಡು ನಡುಗಿದ್ದೆವೋ ಅದನ್ನು ಕಂಡು ನೂರಾರು ಜನರ ನಡುವೆ ಕುಳಿತು ನಕ್ಕವನು, ಚಿತ್ರಮಂದಿರದಿಂದ ಹೊರಬರುವಾಗ ತಾನೊಬ್ಬನೇ ನೊಂದವನಲ್ಲವೆಂದು ಅರಿತಿರುತ್ತಾನೆ. ಗಾಯ ಮಾಯುವುದಕ್ಕೆ ಅದೇ ಮೊದಲು.

1979ರ ಜುಲೈ ತಿಂಗಳಲ್ಲಿ, ಅರವತ್ತನ್ನು ಕಾಣದೆಯೇ, ಈ ಹಾಸ್ಯ ಚಕ್ರವರ್ತಿ ತೀರಿಕೊಂಡರು. 2008ರಲ್ಲಿ ‘ಸತ್ಯ ಹರಿಶ್ಚಂದ್ರ’ವು ವರ್ಣಗಳನ್ನು ತಳೆದು ಮರಳಿ ತೆರೆಗೆ ಬಂದಾಗ, ಅವರನ್ನು ಕಂಡರಿಯದ ಮಕ್ಕಳೂ ಆ ನಕ್ಷತ್ರಿಕನನ್ನು ಕಂಡರು. ಔಷಧವನ್ನು ಕೊಟ್ಟ ಕೈ ಇಲ್ಲವಾಯಿತು. ಔಷಧದ ಗುಣ ಉಳಿದಿದೆ.