ಕಾದಂಬರಿಕಾರ ಕಲ್ಕಿ

ಹಿಂದೆ ತಂಜಾವೂರು ಜಿಲ್ಲೆಗೆ ಸೇರಿದ್ದ ಮಾಯವರದ ಸಮೀಪದಲ್ಲಿ ಪುತ್ತಮಂಗಲವೆಂಬ ಒಂದು ಗ್ರಾಮವಿದೆ. 1899ನೆಯ ಇಸವಿ ಸೆಪ್ಟೆಂಬರ್ 9ರಂದು ಅಲ್ಲಿ ಹುಟ್ಟಿದ ಕೃಷ್ಣಮೂರ್ತಿಯವರೇ ಮುಂದೆ ಕಲ್ಕಿ ಎಂಬ ಹೆಸರಿನಿಂದ ತಮಿಳರ ಮನೆಮನೆಗೂ ಪರಿಚಿತರಾದರು. ತಂದೆ ರಾಮಸ್ವಾಮಿ ಅಯ್ಯರ್ ಊರಿನ ಶಾನುಭೋಗರು. ಹುಡುಗನು ತಿರುಚಿನಾಪಳ್ಳಿಯ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಗಾಂಧೀಜಿಯವರ ಅಸಹಕಾರದ ಕರೆ ಬಂದಿತು. 1921ರಲ್ಲಿ, ಕೊನೆಯ ಪರೀಕ್ಷೆಗೂ ನಿಲ್ಲದೆ, ಶಾಲೆಯನ್ನು ಬಿಟ್ಟರು. ಮರುವರ್ಷ ಸೆರೆಮನೆ ಸೇರಿದರು. ಪರೀಕ್ಷೆಗೆ ಹೆದರಿ ಓದು ಬಿಡುವವರು ನಮ್ಮಲ್ಲೂ ಉಂಟು; ಇದು ಬೇರೆ ಮಾತು.

ಬಿಡುಗಡೆಯಾದ ಮೇಲೆ ತಿರು. ವಿ. ಕಲ್ಯಾಣಸುಂದರ ಮೊದಲಿಯಾರರ 'ನವಶಕ್ತಿ' ಪತ್ರಿಕೆಯಲ್ಲಿ ಕೆಲಸ ಕಲಿತರು. ತಿರುಚೆಂಗೋಡಿನ ಆಶ್ರಮದಲ್ಲಿ ರಾಜಾಜಿಯವರ ಜೊತೆಗಿದ್ದು ಪಾನನಿರೋಧದ ಪತ್ರಿಕೆಯನ್ನು ನೋಡಿಕೊಂಡರು. ಅನಂತರ 'ಆನಂದ ವಿಕಟನ್' ಸೇರಿದರು. 1941ರಲ್ಲಿ ಅದನ್ನೂ ಬಿಟ್ಟು, ಗೆಳೆಯ ಸದಾಶಿವಂ ಅವರೊಡನೆ ಸ್ವಂತ ವಾರಪತ್ರಿಕೆಯನ್ನು ಆರಂಭಿಸಿದರು. ಬಂಡವಾಳವೆಲ್ಲಿ? ಸದಾಶಿವಂ ಅವರ ಪತ್ನಿ ಎಂ. ಎಸ್. ಸುಬ್ಬುಲಕ್ಷ್ಮಿಯವರು 'ಸಾವಿತ್ರಿ' ಚಿತ್ರದಲ್ಲಿ ನಾರದನ ಪಾತ್ರ ವಹಿಸಿ ಬಂದ ಹಣವನ್ನು ಅದಕ್ಕೆ ಕೊಟ್ಟರು.

ಆ ಪತ್ರಿಕೆಯಲ್ಲಿ ವಾರವಾರವೂ ಬಂದ 'ಶಿವಗಾಮಿಯ ಶಪಥ' ಎಂಬ ಕಾದಂಬರಿಯು ಕನ್ನಡಿಗನಿಗೆ ಸುಲಭದ ತುತ್ತಲ್ಲ. ನರ್ಮದೆಯ ದಡದಲ್ಲಿ ಹರ್ಷನನ್ನು ತಡೆದ ನಮ್ಮ ಇಮ್ಮಡಿ ಪುಲಕೇಶಿ ಅದರಲ್ಲಿ ಶತ್ರು. ಬಾದಾಮಿಗೆ ಸೆರೆಯಾಗಿ ಬಂದ ನರ್ತಕಿ, ಆ ನಗರವು ಉರಿದಲ್ಲದೆ ಹೊರಡೆನೆಂದು ಹಟ ಹಿಡಿಯುತ್ತಾಳೆ. ಓದುವವನ ಮನಸ್ಸು ಯಾರ ಪಕ್ಷ ವಹಿಸಬೇಕು? ಪಲ್ಲವ ನರಸಿಂಹವರ್ಮನು 642ರಲ್ಲಿ ಬಾದಾಮಿಯನ್ನು ಹಿಡಿದದ್ದು ಸುಳ್ಳಲ್ಲ; ಅವನ ಶಾಸನವು ಅಲ್ಲಿನ ಬಂಡೆಯ ಮೇಲೆಯೇ ಇದೆ. ಆದರೆ ಮುಂದಿನ ಶತಮಾನದಲ್ಲಿ ನಮ್ಮ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು, ಊರನ್ನು ಕೆಡಿಸದೆ, ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟು, ಕೈಲಾಸನಾಥನ ಗುಡಿಯಲ್ಲಿ ಕನ್ನಡ ಶಾಸನ ಕೆತ್ತಿಸಿದನು. ಕಲ್ಕಿಯವರು ಆ ಕಥೆಯನ್ನೂ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು!

ಅವರ ಎಲ್ಲ ಕಾದಂಬರಿಗಳಲ್ಲಿ ದೊಡ್ಡದು 'ಪೊನ್ನಿಯಿನ್ ಸೆಲ್ವನ್'. 1950ರಿಂದ 1954ರವರೆಗೆ ಮೂರೂವರೆ ವರ್ಷ ಅದು ಪ್ರಕಟವಾಯಿತು. ಐದು ಸಂಪುಟಗಳು, ಎರಡು ಸಾವಿರಕ್ಕೂ ಮಿಕ್ಕ ಪುಟಗಳು. ಚೋಳ ಯುವರಾಜ ಆದಿತ್ಯ ಕರಿಕಾಲನ ಕೊಲೆ ಅದರ ನಡುಗಂಬ. ಕೊಲೆಗಡುಕರ ಆಸ್ತಿಯನ್ನು ಮುಟ್ಟುಗೋಲು ಹಾಕಿದ ಸಂಗತಿ ಉಡೈಯಾರ್‌ಗುಡಿಯ ಶಾಸನದಲ್ಲಿದೆ. ಆ ಕೆಲವು ಸಾಲುಗಳ ಸುತ್ತ ಇಷ್ಟು ದೊಡ್ಡ ಕಟ್ಟಡವೆದ್ದಿದೆ. ಕಥೆ ನಡೆಯುವ ಸ್ಥಳಗಳನ್ನು ಕಾಣಲು ಅವರು ಸಿಂಹಳದವರೆಗೂ ಹೋಗಿ ಬಂದರು.

ನಮ್ಮ ಚಿನ್ನದ ಗಣಿಗಳಿಗೆ ಉತ್ತರ ಆರ್ಕಾಟ್ ಮುಂತಾದ ಕಡೆಗಳಿಂದ ದುಡಿಯಲು ಬಂದವರ ಮನೆಗಳಲ್ಲಿ ತಮಿಳು ಪುಸ್ತಕ ಹೊಸದಲ್ಲ. 2001ರಲ್ಲಿ ಗಣಿ ಮುಚ್ಚಿತು, ಪುಸ್ತಕಗಳು ಉಳಿದವು. ತಮಿಳು ಆಡಬಲ್ಲೆ, ಓದಲಾರೆ. ಆದ್ದರಿಂದ ನೆರೆಮನೆಯ ಅಜ್ಜಿ ಓದಿದಂತೆ ಕೇಳಿದೆ. ಮೊದಲ ಸಂಪುಟಕ್ಕೇ ಮೂರು ತಿಂಗಳು ಹಿಡಿಯಿತು. ದೊಡ್ಡ ಪಳುವೇಟ್ಟರೈಯರ್ ಯಾರು, ಚಿಕ್ಕವರು ಯಾರು ಎಂದು ತಿಳಿಯುವಷ್ಟರಲ್ಲಿ ಸಾಕುಸಾಕಾಯಿತು. ನಡುವೆ ವರ್ಣನೆ ಅತಿಯೆನಿಸಿ ಬೇಸರವೂ ಬಂದಿತು. ಆದರೆ ವಂದಿಯದೇವನ ಕುದುರೆ ಹೊರಟಿತೆಂದರೆ ಅಜ್ಜಿಯ ಕನ್ನಡಕ ಒರೆಸುವಷ್ಟು ಹೊತ್ತನ್ನೂ ಸಹಿಸಲಾಗುತ್ತಿರಲಿಲ್ಲ.

ಕಾದಂಬರಿಯ ಆ ಅರುಳ್‌ಮೊಳಿವರ್ಮನೇ ಮುಂದೆ ರಾಜರಾಜ ಚೋಳನಾದವನು. ಅವನ ಕಾಲದಲ್ಲಿಯೇ ಗಂಗವಾಡಿ ಚೋಳರ ವಶವಾಯಿತು. ಗಂಗರ ಕುವಲಾಲಪುರವೆಂದರೆ ನಮ್ಮ ಕೋಲಾರವೇ. ಕೋಲಾರಮ್ಮನ ಗುಡಿಯ ಗೋಡೆಗಳಲ್ಲಿರುವ ತಮಿಳು ಶಾಸನಗಳು ಚೋಳರವು. ಬಂಗಾರಪೇಟೆಯಿಂದ ಅಲ್ಲಿಗೆ ಎಷ್ಟು ದೂರ! ದರ್ಶನಕ್ಕೆ ಹೋದವರು ಒಮ್ಮೆ ಗೋಡೆಯನ್ನೂ ನೋಡಿ ಬರಬಹುದು.

ಕಾದಂಬರಿ ಮುಗಿದಾಗ, ಉಳಿದ ಪಾತ್ರಗಳ ಗತಿಯೇನಾಯಿತೆಂದು ಓದುಗರು ಕೇಳಿದರು. ಕಲ್ಕಿಯವರು ಪ್ರತ್ಯೇಕವಾಗಿ ಉತ್ತರ ಬರೆಯಬೇಕಾಯಿತು. ಅದೇ ವರ್ಷ ಡಿಸೆಂಬರ್ 5ರಂದು ಮದರಾಸಿನಲ್ಲಿ ತೀರಿಕೊಂಡರು, ವಯಸ್ಸು ಐವತ್ತೈದು. 'ಅಲೈ ಓಸೈ' ಕಾದಂಬರಿಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಿತು. ಅರ್ಧಕ್ಕೆ ನಿಂತಿದ್ದ 'ಅಮರತಾರಾ'ವನ್ನು ಅವರ ಮಗಳು ಆನಂದಿಯವರು ಬರೆದು ಮುಗಿಸಿದರು.