ತಾಯಿಯೇ ಗುರು: ಪಂಡಿತಾ ರಮಾಬಾಯಿ

ಶಾಲೆಯ ಮೆಟ್ಟಿಲನ್ನೇ ಹತ್ತದೆ ಬೆಳೆದ ಹುಡುಗಿಯೊಬ್ಬಳು ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಕಲ್ಕತ್ತೆಯ ವಿದ್ವಾಂಸರ ಎದುರು ನಿಂತು, ಅವರು ಸಂಸ್ಕೃತದಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಿದಳು. ಮೆಚ್ಚಿದ ವಿದ್ವಾಂಸರು ಆಕೆಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನಿತ್ತು ಗೌರವಿಸಿದರು. ಇದು ನಡೆದದ್ದು 1878ರಲ್ಲಿ. ಹೆಣ್ಣುಮಕ್ಕಳು ಅಕ್ಷರ ಕಲಿತರೆ ಮನೆಗೆ ಕೇಡು ಎಂದು ಬಹಳ ಜನ ನಂಬಿದ್ದ ಕಾಲವದು. ಅಂಥ ಕಾಲದಲ್ಲಿ ಈ ಹುಡುಗಿಗೆ ಇಷ್ಟೊಂದು ವಿದ್ಯೆ ಎಲ್ಲಿಂದ ಬಂತು? ಅದನ್ನು ಕಲಿಸಿದ ಗುರುಗಳು ಯಾರು? ಈ ಪ್ರಶ್ನೆಗಳಿಗೆ ಉತ್ತರ ಅವರ ತಂದೆ ತಾಯಿಯರ ಬದುಕಿನಲ್ಲಿದೆ.

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆ. ಇವರು ಕಾರ್ಕಳದ ಬಳಿಯ ಮಾಳದ ಕಡೆಯವರು. ಮನೆಮಾತು ಮರಾಠಿ. ಹೆಚ್ಚಿನ ವ್ಯಾಸಂಗಕ್ಕಾಗಿ ಪುಣೆಗೆ ಹೋಗಿ ಅಲ್ಲಿನ ಹೆಸರಾಂತ ವಿದ್ವಾಂಸರೊಬ್ಬರ ಶಿಷ್ಯರಾದರು. ಆ ಗುರುಗಳು ಪೇಶ್ವೆ ಎರಡನೆಯ ಬಾಜೀರಾಯನ ಪತ್ನಿಗೂ ಸಂಸ್ಕೃತ ಪಾಠ ಹೇಳುತ್ತಿದ್ದರು. ಹೆಣ್ಣುಮಗಳೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಸ್ಪಷ್ಟವಾಗಿ ಹೇಳುವುದನ್ನು ಕಂಡು ಯುವಕ ಅನಂತಶಾಸ್ತ್ರಿಗೆ ಆಶ್ಚರ್ಯವಾಯಿತು. ತಾನೂ ತನ್ನ ಹೆಂಡತಿಗೆ ಸಂಸ್ಕೃತ ಕಲಿಸಬೇಕು ಎಂದು ಅವರು ಆಗಲೇ ನಿಶ್ಚಯಿಸಿದರು.

ಆದರೆ ಊರಿಗೆ ಮರಳಿ ಪಾಠ ಆರಂಭಿಸಿದಾಗ ಮನೆಯ ಹಿರಿಯರು ಒಪ್ಪಲಿಲ್ಲ. ಹೆಂಡತಿಗೂ ಕಲಿಯುವ ಮನಸ್ಸಿರಲಿಲ್ಲ. ಆ ಪ್ರಯತ್ನ ಅಲ್ಲಿಗೇ ನಿಂತಿತು. ಆಕೆ ತೀರಿಕೊಂಡ ಕೆಲವು ಕಾಲದ ಮೇಲೆ, ಗೋದಾವರಿ ತೀರದ ಯಾತ್ರೆಯಲ್ಲಿದ್ದಾಗ ಅವರಿಗೆ ಎರಡನೆಯ ಮದುವೆಯಾಯಿತು. ಆಗ ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ವಧು ಲಕ್ಷ್ಮೀಬಾಯಿಗೆ ಕೇವಲ ಒಂಬತ್ತು ವರ್ಷ. ಇಂಥ ಮದುವೆಗಳು ಅಂದಿನ ಸಮಾಜದಲ್ಲಿ ಸಾಮಾನ್ಯವಾಗಿದ್ದವು. ಸಾಮಾನ್ಯವಲ್ಲದ ಸಂಗತಿಯೆಂದರೆ, ಆ ಬಾಲಕಿಗೆ ಗಂಡನ ಮನೆಯಲ್ಲಿ ಮನೆಗೆಲಸದ ಜೊತೆಗೆ ಸಂಸ್ಕೃತ ಪಾಠವೂ ಆರಂಭವಾದದ್ದು. ಲಕ್ಷ್ಮೀಬಾಯಿ ಆಸಕ್ತಿಯಿಂದ ಕಲಿತರು.

ಹೆಂಡತಿಗೆ ವಿದ್ಯೆ ಕಲಿಸಿದ ಸುದ್ದಿ ಹರಡಿದಾಗ ಸಂಪ್ರದಾಯಸ್ಥರು ಸಿಟ್ಟಾದರು. ಶಾಸ್ತ್ರಿಗಳು ಉಡುಪಿಗೆ ಬಂದು ವಿದ್ವಾಂಸರ ಮುಂದೆ ಉತ್ತರ ಕೊಡಬೇಕಾಯಿತು. ಅವರು ಹೆದರಲಿಲ್ಲ. ವೇದಗಳ ವಿಷಯದಲ್ಲಿ ಅಂದಿನ ಕಟ್ಟಳೆಯನ್ನು ಅವರು ಮೀರಿರಲಿಲ್ಲ. ಉಳಿದ ಕಾವ್ಯ ಪುರಾಣಗಳನ್ನು ಸ್ತ್ರೀಯರು ಓದಲು ಅಡ್ಡಿಯಿಲ್ಲ ಎಂಬುದಕ್ಕೆ ಧರ್ಮಶಾಸ್ತ್ರಗಳಿಂದಲೇ ಆಧಾರಗಳನ್ನು ಸಂಗ್ರಹಿಸಿ ಬರೆದು ಒಪ್ಪಿಸಿದರು. ಆ ಆಧಾರಗಳಲ್ಲಿ ಯಾರಿಗೂ ತಪ್ಪು ಹುಡುಕಲಾಗಲಿಲ್ಲ.

ಮುಂದೆ ಅವರು ಜನವಸತಿಯಿಂದ ದೂರ ಹೋಗಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ನೆಲೆಸಿದರು. ತುಂಗಾ ಮತ್ತು ಭದ್ರಾ ನದಿಗಳು ಹುಟ್ಟುವ ಈ ದಟ್ಟ ಕಾಡು ಈಗ ಚಿಕ್ಕಮಗಳೂರು ಜಿಲ್ಲೆಯಲ್ಲಿದೆ. ಅಲ್ಲಿಗೆ ಹೋದ ಮೊದಲ ರಾತ್ರಿ ತಲೆಯ ಮೇಲೆ ಸೂರಿರಲಿಲ್ಲ. ಹುಲಿಯ ಗರ್ಜನೆ ಕೇಳುತ್ತಿತ್ತು. ಲಕ್ಷ್ಮೀಬಾಯಿ ಹೊದಿಕೆಯೊಳಗೆ ಮುದುಡಿ ಮಲಗಿದ್ದರು. ಶಾಸ್ತ್ರಿಗಳು ಬೆಳಗಾಗುವವರೆಗೂ ಕಾವಲಿದ್ದರು. ಕ್ರಮೇಣ ಅಲ್ಲಿ ಮನೆಯೊಂದು ಎದ್ದಿತು. ದೂರದ ಊರುಗಳಿಂದ ವಿದ್ಯಾರ್ಥಿಗಳು ಬಂದು ಸೇರಿದರು. ಅದೇ ಮನೆಯಲ್ಲಿ 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದರು. ಕೃಷ್ಣಾಬಾಯಿ ಎಂಬ ಅಕ್ಕ, ಶ್ರೀನಿವಾಸ ಎಂಬ ಅಣ್ಣ ಅವರಿಗಿದ್ದರು.

ಬಂದವರಿಗೆಲ್ಲ ಊಟ, ವಸತಿ ಕೊಡುತ್ತಿದ್ದುದರಿಂದ ಶಾಸ್ತ್ರಿಗಳಿಗೆ ಸಾಲವಾಯಿತು. ಪಿತ್ರಾರ್ಜಿತ ಆಸ್ತಿಯನ್ನು ಬಿಟ್ಟುಕೊಟ್ಟು ಅದನ್ನು ತೀರಿಸಿದರು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬೆಟ್ಟವಿಳಿದರು. ಅಲ್ಲಿಂದ ಮುಂದೆ ಅವರಿಗೆ ನಿಂತ ನೆಲೆಯೆಂಬುದು ಇರಲಿಲ್ಲ. ದೇವಸ್ಥಾನದ ಪ್ರಾಂಗಣದಲ್ಲೋ ನದಿಯ ಘಟ್ಟದಲ್ಲೋ ಕುಳಿತು ಪುರಾಣ ಓದುತ್ತಿದ್ದರು. ಕೇಳಿದವರು ಕೊಟ್ಟ ಅಕ್ಕಿ, ಕಾಸುಗಳೇ ಅವರ ಜೀವನಾಧಾರವಾಗಿದ್ದವು.

ರಮಾ ಎಂಟು ವರ್ಷದವಳಾದಾಗ ತಂದೆಗೆ ಬಹಳ ವಯಸ್ಸಾಗಿತ್ತು. ಕಿರಿಯ ಮಗಳಿಗೆ ಕಲಿಸುವ ಹೊಣೆಯನ್ನು ತಾಯಿ ವಹಿಸಿಕೊಂಡರು. ಹಗಲೆಲ್ಲ ಅವರಿಗೆ ಕೈತುಂಬ ಕೆಲಸ. ಅಡುಗೆ, ನೀರು, ಯಾತ್ರೆಯ ಆಯಾಸ, ಮುದಿ ಗಂಡನ ಆರೈಕೆ, ಮೂರು ಮಕ್ಕಳ ಪಾಲನೆ ಇವುಗಳ ನಡುವೆ ಬಿಡುವು ಸಿಗುತ್ತಿರಲಿಲ್ಲ. ಆದ್ದರಿಂದ ಲಕ್ಷ್ಮೀಬಾಯಿ ಬೆಳಗಿನ ಜಾವವನ್ನೇ ಪಾಠದ ಹೊತ್ತಾಗಿ ಮಾಡಿಕೊಂಡರು. ನಿದ್ದೆಗಣ್ಣಿನ ಮಗಳನ್ನು ಅಕ್ಕರೆಯ ಮಾತುಗಳಿಂದ ಎಬ್ಬಿಸಿ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ತಾಯಿ ಹೇಳಿದ್ದನ್ನು ಮಗಳು ಹೇಳಬೇಕು. ಎದುರಿಗೆ ಪುಸ್ತಕವಿರಲಿಲ್ಲ. ಹಕ್ಕಿಗಳು ಕೂಗುವ ಹೊತ್ತಿಗೆ ಅಂದಿನ ಪಾಠ ಮುಗಿಯುತ್ತಿತ್ತು. ತಾಯಿ ಕೆಲಸಕ್ಕೆ ಏಳುತ್ತಿದ್ದರು.

ಹೀಗೆ ದಿನದಿನವೂ ಕಲಿತ ರಮಾ ಹನ್ನೆರಡನೆಯ ವಯಸ್ಸಿಗೆ ಭಾಗವತದ ಹದಿನೆಂಟು ಸಾವಿರ ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದಳೆಂದು ಹೇಳುತ್ತಾರೆ. ವ್ಯಾಕರಣವನ್ನೂ ಕೋಶವನ್ನೂ ಕಲಿತಳು. ಮನೆಯವರ ಮಾತು ಕೇಳುತ್ತ, ಪತ್ರಿಕೆ ಓದುತ್ತ ಶುದ್ಧ ಮರಾಠಿ ಬಂತು. ಊರೂರು ತಿರುಗುವಾಗ ಕನ್ನಡ, ಹಿಂದೂಸ್ಥಾನಿ, ಬಂಗಾಳಿ ಭಾಷೆಗಳು ಕಿವಿಗೆ ಬಿದ್ದು ನಾಲಿಗೆಗೆ ಹತ್ತಿದವು. ಹಾದಿಯೇ ಅವಳಿಗೆ ಶಾಲೆಯಾಯಿತು.

ಅಕ್ಕನಿಗೆ ಎಳೆಯ ವಯಸ್ಸಿನಲ್ಲೇ ಮಾಡಿದ್ದ ಮದುವೆ ಸುಖ ತಂದಿರಲಿಲ್ಲ. ಅದನ್ನು ಕಂಡು ನೊಂದಿದ್ದ ಶಾಸ್ತ್ರಿಗಳು ಕಿರಿಯ ಮಗಳಿಗೆ ಬಾಲ್ಯವಿವಾಹ ಮಾಡಲಿಲ್ಲ. ಅದರಿಂದ ರಮಾಳಿಗೆ ಕಲಿಯಲು ಕಾಲಾವಕಾಶ ದೊರೆಯಿತು. ತಾಯಿಯ ಪಾಠ ಹದಿನೈದನೆಯ ವಯಸ್ಸಿನವರೆಗೂ ನಡೆಯಿತು. ಆ ಏಳು ವರ್ಷಗಳಲ್ಲಿ ತಾಯಿ ತನ್ನ ಮನಸ್ಸನ್ನು ಪಳಗಿಸಿದ ರೀತಿಯನ್ನು ರಮಾಬಾಯಿ ಮುಂದೆ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಇತರರ ನೆರವು ಹೆಚ್ಚು ಬೇಡದೆ ಮುಂದಿನ ವಿದ್ಯೆಯನ್ನು ತಾನೇ ಸಂಪಾದಿಸಿಕೊಳ್ಳುವ ಶಕ್ತಿ ಬಂದದ್ದು ಆ ಶಿಕ್ಷಣದಿಂದ ಎಂಬುದು ಅವರ ಅಭಿಪ್ರಾಯ. ಶ್ಲೋಕಗಳಿಗಿಂತಲೂ ಈ ಶಕ್ತಿಯೇ ಲಕ್ಷ್ಮೀಬಾಯಿ ಮಗಳಿಗೆ ಕೊಟ್ಟ ದೊಡ್ಡ ಆಸ್ತಿ.

ಆ ಆಸ್ತಿಯ ಬೆಲೆ ತಿಳಿಯುವ ಮೊದಲೇ ಸಂಸಾರದ ಮೇಲೆ ಬರಸಿಡಿಲು ಎರಗಿತು. ಕ್ಷಾಮ ಬಂತು. ಪುರಾಣ ಕೇಳುವವರ ಮನೆಯಲ್ಲೇ ಅನ್ನವಿಲ್ಲದಿರುವಾಗ ಹೇಳುವವರಿಗೆ ಕೊಡುವವರಾರು? ಇದ್ದ ಒಡವೆ, ಪಾತ್ರೆ ಎಲ್ಲವೂ ಮಾರಿಹೋದವು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿಯೂ ಅಕ್ಕನೂ ಹಸಿವಿಗೆ ಬಲಿಯಾದರು. ತಾಯಿ ಕೊನೆಯ ಸ್ಥಿತಿಯಲ್ಲಿದ್ದಾಗ ರಮಾ ನೆರೆಯ ಮನೆಗೆ ತುಸು ಆಹಾರ ಕೇಳಲು ಹೋದರು. ಬೇಡಲು ಬಾಯಿಯೇ ಬರಲಿಲ್ಲ. ಆ ಮನೆಯಾಕೆ ತಾನಾಗಿ ತಿಳಿದು ರೊಟ್ಟಿಯ ಚೂರು ಕೊಟ್ಟಳು. ಅದನ್ನು ತಿನ್ನುವ ಶಕ್ತಿಯೂ ತಾಯಿಗೆ ಉಳಿದಿರಲಿಲ್ಲ.

ತಂದೆ ತಾಯಿ ಕಲಿಸಿದ ವಿದ್ಯೆ ದೊಡ್ಡದು. ಆದರೆ ಅದರಲ್ಲಿ ಒಂದು ಕೊರತೆಯೂ ಇತ್ತೆಂದು ರಮಾಬಾಯಿಯವರು ಮುಂದೆ ಕಂಡುಕೊಂಡರು. ಆ ಮನೆಯಲ್ಲಿ ಯಾರಿಗೂ ದುಡಿದು ತಿನ್ನುವ ಕಸುಬು ಬರುತ್ತಿರಲಿಲ್ಲ. ಕೂಲಿ ಮಾಡುವುದು ತಮ್ಮ ಕುಲಕ್ಕೆ ತಕ್ಕುದಲ್ಲವೆಂಬ ಭಾವನೆಯೂ ಇತ್ತು. ಕ್ಷಾಮದಲ್ಲಿ ಅದಕ್ಕೆ ಅವರು ದುಬಾರಿ ಬೆಲೆ ತೆತ್ತರು. ಈ ಪಾಠವನ್ನು ರಮಾಬಾಯಿ ಎಂದೂ ಮರೆಯಲಿಲ್ಲ.

ಉಳಿದವರು ಅಣ್ಣ ತಂಗಿ ಇಬ್ಬರೇ. ಬರಿಗಾಲಿನಲ್ಲಿ, ಅರೆಹೊಟ್ಟೆಯಲ್ಲಿ ಅವರು ದೇಶ ಸುತ್ತಿದರು. ಅವರು ಕ್ರಮಿಸಿದ ದಾರಿ ನಾಲ್ಕು ಸಾವಿರ ಮೈಲಿಗೂ ಹೆಚ್ಚು. 1878ರಲ್ಲಿ ಕಲ್ಕತ್ತೆ ಮುಟ್ಟಿದಾಗ ರಮಾಬಾಯಿಯವರ ಪಾಂಡಿತ್ಯ ದೇಶಕ್ಕೆ ತಿಳಿಯಿತು. ಸ್ತ್ರೀಶಿಕ್ಷಣದ ಬಗ್ಗೆ ಅವರು ಊರೂರಲ್ಲಿ ಭಾಷಣ ಮಾಡಿದರು. 1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರನ್ನು ಜಾತಿಯ ಗಡಿ ಮೀರಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. ಮರುವರ್ಷವೇ ಪತಿ ಕಾಲರಾದಿಂದ ಮರಣ ಹೊಂದಿದರು. ಇಪ್ಪತ್ನಾಲ್ಕು ತುಂಬುವ ಮೊದಲೇ ರಮಾಬಾಯಿ ವಿಧವೆಯಾದರು.

ದುಃಖವನ್ನು ನುಂಗಿಕೊಂಡು ಅವರು ಕೂಸಿನೊಡನೆ ಪುಣೆಗೆ ಬಂದರು. 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಪುಸ್ತಕ ಬರೆದರು. ಅದೇ ವರ್ಷ ಸರಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೇಳಿಕೆ ನೀಡಿ, ಹುಡುಗಿಯರ ಶಾಲೆಗಳಿಗೆ ಶಿಕ್ಷಕಿಯರೂ ತನಿಖಾಧಿಕಾರಿಣಿಯರೂ ಬೇಕು, ಹೆಂಗಸರಿಗೆ ವೈದ್ಯ ಶಿಕ್ಷಣ ದೊರೆಯಬೇಕು ಎಂದು ಒತ್ತಾಯಿಸಿದರು.

1883ರಲ್ಲಿ ಪುಟ್ಟ ಮಗಳೊಂದಿಗೆ ಇಂಗ್ಲೆಂಡಿಗೆ ಹೋದರು. ಅಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದರು. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಲೇ ತಾವು ಇಂಗ್ಲಿಷ್, ಗಣಿತ, ವಿಜ್ಞಾನಗಳನ್ನು ಕಲಿತರು. ಒಂದೇ ಕಟ್ಟಡದಲ್ಲಿ ಗುರುವೂ ಶಿಷ್ಯೆಯೂ ಆಗುವುದು ಅವರಿಗೆ ಸಂಕೋಚವೆನಿಸಲಿಲ್ಲ. 1886ರಲ್ಲಿ ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ಆನಂದೀಬಾಯಿ ಜೋಶಿ ವೈದ್ಯ ಪದವಿ ಪಡೆದ ಸಮಾರಂಭಕ್ಕೆ ಹೋದರು. ಅಲ್ಲಿಯೇ ಉಳಿದು, ಜರ್ಮನಿಯ ಫ್ರೋಬೆಲ್ ರೂಪಿಸಿದ ಶಿಶುವಿಹಾರ ಪದ್ಧತಿಯನ್ನು ಅಭ್ಯಾಸ ಮಾಡಿದರು. ಮಗು ಆಡುತ್ತ, ನೋಡುತ್ತ, ಕೈಯಾರೆ ಮಾಡುತ್ತ ಕಲಿಯಬೇಕೆಂಬ ಆ ಪದ್ಧತಿ ಅವರಿಗೆ ಬಹಳ ಹಿಡಿಸಿತು. 1887ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ ದಿ ಹೈ-ಕಾಸ್ಟ್ ಹಿಂದೂ ವುಮನ್ ಎಂಬ ಪುಸ್ತಕ ಪ್ರಕಟವಾಯಿತು. ಭಾರತದ ಸ್ತ್ರೀಯರ, ಅದರಲ್ಲೂ ಬಾಲವಿಧವೆಯರ ಪಾಡನ್ನು ಅದು ಜಗತ್ತಿಗೆ ತಿಳಿಸಿತು. ಆ ಪುಸ್ತಕವನ್ನು ಅವರು ಅರ್ಪಿಸಿದ್ದು ತಮ್ಮ ತಾಯಿ ಲಕ್ಷ್ಮೀಬಾಯಿಯ ನೆನಪಿಗೆ.

ತಾಯ್ನಾಡಿಗೆ ಮರಳಿದ ರಮಾಬಾಯಿ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ವಿಧವೆಯರಿಗೂ ಇತರ ಹುಡುಗಿಯರಿಗೂ ಅದು ಮನೆಯೂ ಹೌದು, ಶಾಲೆಯೂ ಹೌದು. ಅಲ್ಲಿ ಸೇರಿದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಆಕೆ ಮಹರ್ಷಿ ಧೋಂಡೋ ಕೇಶವ ಕರ್ವೆ ಅವರ ಪತ್ನಿಯಾದರು. ಸದನ 1890ರಲ್ಲಿ ಪುಣೆಗೆ ಬಂತು. ಧರ್ಮದ ವಿಷಯದಲ್ಲಿ ಟೀಕೆಗಳೆದ್ದು, 1893ರಲ್ಲಿ ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಎದೆಗುಂದಲಿಲ್ಲ. ಉಳಿದವರೊಂದಿಗೆ ಕೆಲಸ ಮುಂದುವರಿಸಿದರು.

ಪುಣೆಯಿಂದ ಸೊಲ್ಲಾಪುರದ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಕೇಡಗಾಂವ ಎಂಬ ಊರಿದೆ. ಅಲ್ಲಿ ಅವರು ಭೂಮಿ ಕೊಂಡಿದ್ದರು. 1896-97ರಲ್ಲಿ ಮಧ್ಯ ಭಾರತದಲ್ಲಿ ಘೋರ ಕ್ಷಾಮ ಬಿದ್ದಾಗ, ಹಸಿವು ಏನೆಂದು ಬಲ್ಲ ರಮಾಬಾಯಿ ಸುಮ್ಮನಿರಲಿಲ್ಲ. ತಾವೇ ಅಲ್ಲಿಗೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದು ಕೇಡಗಾಂವದಲ್ಲಿ ಆಶ್ರಯ ಕೊಟ್ಟರು. ಆ ಸಂಸ್ಥೆಗೆ ಮುಕ್ತಿ ಎಂದು ಹೆಸರಾಯಿತು. 1900ರ ಕ್ಷಾಮದ ಹೊತ್ತಿಗೆ ಅಲ್ಲಿ ಆಶ್ರಯ ಪಡೆದವರ ಸಂಖ್ಯೆ ಸಾವಿರವನ್ನು ಮೀರಿತ್ತು. ಅಲ್ಲಿ ಓದು ಬರಹದ ಜೊತೆಗೆ ನೇಯ್ಗೆ, ಹೊಲಿಗೆ, ಹೈನುಗಾರಿಕೆ, ಬೇಸಾಯ, ಮುದ್ರಣ ಮುಂತಾದ ಕೆಲಸಗಳನ್ನೂ ಕಲಿಸಿದರು. ತಮ್ಮ ತವರಿನಲ್ಲಿ ಇದ್ದುದನ್ನೂ ಇಲ್ಲದಿದ್ದುದನ್ನೂ ಒಟ್ಟುಗೂಡಿಸಿ ಅವರು ಈ ಶಿಕ್ಷಣವನ್ನು ಕಟ್ಟಿದ್ದರು. ಅಕ್ಷರ ಬಲ್ಲವಳಿಗೆ ಕಸುಬೂ ಬರಬೇಕು, ಯಾವ ಹೆಣ್ಣೂ ಬೇಡಿ ಬದುಕಬಾರದು ಎಂಬುದು ಅವರ ಗುರಿಯಾಗಿತ್ತು.

ಮಗಳು ಮನೋರಮಾ ಮುಂಬಯಿ ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಪಡೆದು ಶಾರದಾ ಸದನದ ಮುಖ್ಯಸ್ಥೆಯಾದರು. ಆಗ ನಿಜಾಮರ ಆಡಳಿತದಲ್ಲಿದ್ದ ಗುಲ್ಬರ್ಗಾದಲ್ಲಿಯೂ ತಾಯಿ ಮಗಳ ಶ್ರಮದಿಂದ ಶಾಲೆ ಆರಂಭವಾಯಿತು. ಅಜ್ಜಿ ಹಚ್ಚಿದ ದೀಪ ಮೊಮ್ಮಗಳ ಕೈಯಲ್ಲಿ ಹೀಗೆ ಕನ್ನಡದ ನೆಲಕ್ಕೂ ಬಂತು.

ಇಳಿವಯಸ್ಸಿನಲ್ಲಿಯೂ ರಮಾಬಾಯಿಯವರ ಕಲಿಕೆ ನಿಲ್ಲಲಿಲ್ಲ. ಬೈಬಲನ್ನು ಸಾಮಾನ್ಯ ಜನರಿಗೆ ತಿಳಿಯುವ ಸರಳ ಮರಾಠಿಗೆ ತರಬೇಕೆಂದು ಅವರು ಸಂಕಲ್ಪಿಸಿದರು. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಪುಸ್ತಕಗಳ ನೆರವಿನಿಂದ ಕಲಿತರು. ಹಲವು ವರ್ಷ ದುಡಿದು ಅನುವಾದವನ್ನು ಮುಗಿಸಿದರು. ಅಚ್ಚುಮೊಳೆ ಜೋಡಿಸಿ ಅದನ್ನು ಮುದ್ರಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. 1919ರಲ್ಲಿ ಸರಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ನೀಡಿತು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಳು. ಆ ನೋವನ್ನೂ ಸಹಿಸಿ ಕೆಲಸ ಪೂರೈಸಿದ ರಮಾಬಾಯಿ 1922ರ ಏಪ್ರಿಲ್ 5ರಂದು ಕೊನೆಯುಸಿರೆಳೆದರು. 1989ರಲ್ಲಿ ಭಾರತ ಸರಕಾರ ಅವರ ನೆನಪಿಗಾಗಿ ಅಂಚೆಚೀಟಿಯನ್ನು ಹೊರತಂದಿತು.

ಲಕ್ಷ್ಮೀಬಾಯಿಯವರಿಗೆ ಬಿರುದು ಬರಲಿಲ್ಲ. ಅವರ ಹೆಸರಿನಲ್ಲಿ ಒಂದು ಪುಸ್ತಕವೂ ಇಲ್ಲ. ಮಗಳು ಪಂಡಿತೆಯಾದುದನ್ನು ನೋಡಲು ಅವರು ಬದುಕಿರಲೂ ಇಲ್ಲ. ಮನೆಯಿಲ್ಲದೆ, ಪುಸ್ತಕವಿಲ್ಲದೆ, ಬಿಡುವಿಲ್ಲದೆ ಅವರು ನಸುಕಿನಲ್ಲೆದ್ದು ಪಾಠ ಹೇಳಿದರು. ಇಂದಿಲ್ಲ ನಾಳೆ ಎಂದು ಮುಂದೂಡಲಿಲ್ಲ. ಗದರಿಸಿ ಅಲ್ಲ, ಮುದ್ದಿಸಿ ಎಬ್ಬಿಸಿದರು. ಕಲಿಸುವವರು ಜೊತೆಗಿರದ ದಿನವೂ ಕಲಿಯುವ ದಾರಿಯನ್ನು ಮಗಳಿಗೆ ತೋರಿಸಿಕೊಟ್ಟರು. ಕ್ಷಾಮ ಆ ಸಂಸಾರದಿಂದ ಎಲ್ಲವನ್ನೂ ಕಸಿದುಕೊಂಡಿತು. ತಾಯಿ ಕೊಟ್ಟ ಆ ಒಂದು ಬುತ್ತಿಯನ್ನು ಮಾತ್ರ ಕಸಿದುಕೊಳ್ಳಲಾಗಲಿಲ್ಲ. ಅದು ರಮಾಬಾಯಿಯವರ ಜೀವಮಾನಕ್ಕೂ ಸಾಕಾಯಿತು, ಸಾವಿರಾರು ಹೆಣ್ಣುಮಕ್ಕಳಿಗೆ ಹಂಚುವಷ್ಟೂ ಉಳಿಯಿತು.