ಮತಾಧಿಕಾರದ ಗಡಿಗಳು: ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕಿನ ಒಂದು ಓದು

ಕಮಲಾದೇವಿ ಚಟ್ಟೋಪಾಧ್ಯಾಯ (1903-1988) ಅವರ ಹೆಸರು ಕರಕುಶಲ ಕಲೆಗಳ ಪುನರುಜ್ಜೀವನದೊಂದಿಗೆ ಬೆಸೆದುಕೊಂಡಿದೆ. ಕೈಮಗ್ಗ, ರಂಗಭೂಮಿ, ಸಹಕಾರ ಚಳವಳಿಗಳಲ್ಲಿ ಅವರು ಮಾಡಿದ ಕಾರ್ಯದ ಎದುರು 1926ರ ಚುನಾವಣೆಯ ಸೋಲು ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುವುದುಂಟು. ಆದರೆ ಮತಾಧಿಕಾರವು ಆಸ್ತಿಯೊಂದಿಗೆ ತಳಕು ಹಾಕಿಕೊಂಡಿದ್ದ ಕಾಲದಲ್ಲಿ, ಆಸ್ತಿಯಿಂದ ವಂಚಿತಳಾದ ತಾಯಿಯ ಮಗಳೊಬ್ಬಳು ಶಾಸನಸಭೆಯ ಪ್ರವೇಶಕ್ಕೆ ಪ್ರಯತ್ನಿಸಿದ ಘಟನೆಯೆಂದು ನೋಡಿದಾಗ ಆ ಸೋಲಿಗೆ ಬೇರೆಯದೇ ಅರ್ಥ ಪ್ರಾಪ್ತವಾಗುತ್ತದೆ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಸರ್ಕಾರದ ಉನ್ನತ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿ ಮನೆಯಲ್ಲಿಯೇ ಓದು ಕಲಿತ, ಲೋಕವ್ಯವಹಾರದಲ್ಲಿ ಆಸಕ್ತಿಯಿದ್ದ ಮಹಿಳೆ. ಕಮಲಾದೇವಿಯವರ ಏಳನೆಯ ವಯಸ್ಸಿನಲ್ಲಿ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲವೂ ಅವರ ಮೊದಲ ಹೆಂಡತಿಯ ಮಗನಿಗೆ ಸೇರಿತು. ತಾಯಿಗೆ ಉಳಿದದ್ದು ಜೀವನಾಂಶ ಮಾತ್ರ. ಗಿರಿಜಾಬಾಯಿ ಅದನ್ನೂ ನಿರಾಕರಿಸಿ, ತವರಿನಿಂದ ಬಂದ ಸ್ತ್ರೀಧನದಲ್ಲಿಯೇ ಮಕ್ಕಳನ್ನು ಬೆಳೆಸಲು ನಿಶ್ಚಯಿಸಿದರು. ಮನೆಯೊಡತಿಯೆನಿಸಿದ್ದವಳು ಒಂದೇ ದಿನದಲ್ಲಿ ಆಶ್ರಿತಳಾಗಬೇಕಾದ ವಿಪರ್ಯಾಸವನ್ನು ಮಗಳು ಬಾಲ್ಯದಲ್ಲಿಯೇ ಕಂಡಳು. ಮುಂದೆ ಆಕೆಯೂ ಬಾಲ್ಯವಿವಾಹಕ್ಕೆ ಒಳಗಾಗಿ, ಹದಿಹರೆಯದಲ್ಲಿಯೇ ವಿಧವೆಯಾದಳು. ಆದರೆ ಓದು ನಿಲ್ಲಲಿಲ್ಲ. ಮದ್ರಾಸಿನಲ್ಲಿ ವ್ಯಾಸಂಗ ಮಾಡುವಾಗ ಪರಿಚಿತರಾದ, ಸರೋಜಿನಿ ನಾಯ್ಡು ಅವರ ಸಹೋದರ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ಅವರು ಮರುವಿವಾಹವಾದರು. ಸಂಪ್ರದಾಯಸ್ಥ ಸಮಾಜದ ಕೋಪಕ್ಕೆ ಈ ವಿವಾಹ ಗುರಿಯಾಯಿತು.

ಇದೇ ಅವಧಿಯಲ್ಲಿ ಮಹಿಳಾ ಮತಾಧಿಕಾರದ ಪ್ರಶ್ನೆ ಭಾರತದಲ್ಲಿ ರೂಪುಗೊಳ್ಳುತ್ತಿತ್ತು. ಜಗತ್ತಿನ ಚರಿತ್ರೆಯಲ್ಲಿ ಈ ಹಕ್ಕು ಮೊದಲು ದೊರೆತದ್ದು ಸಾಮ್ರಾಜ್ಯಗಳ ರಾಜಧಾನಿಗಳಲ್ಲಲ್ಲ, ಅಂಚಿನ ನೆಲಗಳಲ್ಲಿ. ಅಮೆರಿಕದ ಗಡಿಪ್ರದೇಶವಾಗಿದ್ದ ವಯೋಮಿಂಗ್‌ನಲ್ಲಿ 1869ರಲ್ಲಿ, ನ್ಯೂಜಿಲೆಂಡಿನಲ್ಲಿ 1893ರಲ್ಲಿ ಮಹಿಳೆಯರು ಮತದಾರರಾದರು. ಭಾರತದಲ್ಲಿ 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವು ಮದ್ರಾಸಿನಲ್ಲಿ ಮಾಂಟೆಗು ಅವರನ್ನು ಭೇಟಿಯಾಗಿ ಈ ಬೇಡಿಕೆಯನ್ನು ಮುಂದಿಟ್ಟಿತು. ಅದರ ಹಿಂದಿದ್ದವರಲ್ಲಿ ಪ್ರಮುಖರು ಐರಿಷ್ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್. 1919-20ರಲ್ಲಿ ಅವರು ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯಸ್ಥರೂ ಆಗಿದ್ದರು. 1919ರ ಕಾಯಿದೆ ಈ ನಿರ್ಣಯವನ್ನು ಪ್ರಾಂತೀಯ ಶಾಸನಸಭೆಗಳಿಗೆ ಬಿಟ್ಟುಕೊಟ್ಟಿತು. 1921ರಲ್ಲಿ ಮದ್ರಾಸು ಪ್ರಾಂತವು ಪುರುಷರಿಗಿದ್ದ ಅರ್ಹತೆಗಳ ಮೇಲೆಯೇ ಮಹಿಳೆಯರಿಗೂ ಮತಾಧಿಕಾರ ನೀಡಿತು. ಬ್ರಿಟನ್ನಿನಲ್ಲಿ ಇಂಥ ಸಮಾನತೆ ಬರಲು 1928ರವರೆಗೆ ಕಾಯಬೇಕಾಯಿತು.

ಆದರೆ ಕಾಗದದ ಮೇಲಿನ ಈ ಸಮಾನತೆಗೆ ಎರಡು ಗಡಿಗಳಿದ್ದವು. ಮೊದಲನೆಯದು ಆಡಳಿತದ ಗಡಿ. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ತುಂಗಭದ್ರೆಯ ದಕ್ಷಿಣಕ್ಕೆ, ಮದ್ರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ ತಾಲ್ಲೂಕಿನ ಭೂಮಾಲೀಕ ಮಹಿಳೆ ಮತದಾರಳಾಗಬಹುದಿತ್ತು. ನದಿಯ ಉತ್ತರಕ್ಕೆ, ನಿಜಾಮರ ಆಳ್ವಿಕೆಯ ರಾಯಚೂರು, ಮಾನ್ವಿ, ದೇವದುರ್ಗಗಳಲ್ಲಾಗಲಿ, ಚಂದ್ರಬಂಡದಂಥ ಹಳ್ಳಿಗಳಲ್ಲಾಗಲಿ ಶಾಸನಸಭೆಗೆ ಪ್ರತಿನಿಧಿಯನ್ನು ಆರಿಸುವ ಅವಕಾಶ ಸಾಮಾನ್ಯ ಸ್ತ್ರೀಗೂ ಇರಲಿಲ್ಲ, ಪುರುಷನಿಗೂ ಇರಲಿಲ್ಲ. ಎರಡನೆಯದು ಆಸ್ತಿಯ ಗಡಿ. ಕಂದಾಯವನ್ನೋ ತೆರಿಗೆಯನ್ನೋ ಸಲ್ಲಿಸುವವರಿಗೆ ಮಾತ್ರ ಮತವಿದ್ದುದರಿಂದ, ವಾರಸುದಾರಿಕೆಯಿಂದ ಹೊರಗುಳಿದ ಬಹುಪಾಲು ಮಹಿಳೆಯರು ಮತದಾರರ ಪಟ್ಟಿಯಿಂದಲೂ ಹೊರಗುಳಿದರು. ಗಿರಿಜಾಬಾಯಿಯವರ ವೈಯಕ್ತಿಕ ಸಂಕಟ ಈ ಅರ್ಥದಲ್ಲಿ ರಾಜಕೀಯ ಪ್ರಶ್ನೆಯೂ ಆಗಿತ್ತು.

ಮತ ಹಾಕುವ ಹಕ್ಕು ಬಂದರೂ ಸದಸ್ಯತ್ವದ ಹಕ್ಕು ಕೂಡಲೇ ಬರಲಿಲ್ಲ. 1926ರಲ್ಲಿ ಆ ನಿರ್ಬಂಧ ಸಡಿಲವಾದಾಗ, ಚುನಾವಣೆಗೆ ಅಲ್ಪಾವಧಿಯಷ್ಟೇ ಉಳಿದಿತ್ತು. ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ ಕಮಲಾದೇವಿಯವರು ಮದ್ರಾಸು ಶಾಸನಸಭೆಗೆ ಸ್ಪರ್ಧಿಸಿದರು. ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ನಿಂತ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಸಿದ್ಧತೆಗೆ ಸಮಯವಿರಲಿಲ್ಲ; ಮತದಾರರಲ್ಲಿ ಬಹುಸಂಖ್ಯಾತರು ಪುರುಷರು. ಹೀಗಿದ್ದೂ ಅವರು ಸೋತದ್ದು ಅತ್ಯಲ್ಪ ಮತಗಳ ಅಂತರದಿಂದ. ವಿಧವಾ ವಿವಾಹವಾದ ಯುವತಿಯೊಬ್ಬಳಿಗೆ ಆಸ್ತಿವಂತ ಪುರುಷ ಮತದಾರರಲ್ಲಿ ಇಷ್ಟು ಬೆಂಬಲ ದೊರೆತದ್ದು ಸಾಮಾನ್ಯ ಸಂಗತಿಯಲ್ಲ. ಅದೇ ಸಭೆಗೆ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು ನಾಮಕರಣದ ಮೂಲಕ ಪ್ರವೇಶಿಸಿ, ಉಪಾಧ್ಯಕ್ಷೆಯಾದರು. ನಾಮಕರಣದಿಂದ ಬರುವ ಸ್ಥಾನಕ್ಕೂ ಜನರ ಮತದಿಂದ ಬರುವ ಸ್ಥಾನಕ್ಕೂ ಇರುವ ವ್ಯತ್ಯಾಸ ಇಲ್ಲಿ ಗಮನಾರ್ಹವಾದುದು. ಕಮಲಾದೇವಿಯವರು ಆಯ್ದುಕೊಂಡದ್ದು ಎರಡನೆಯ, ಹೆಚ್ಚು ಕಠಿಣವಾದ ದಾರಿಯನ್ನು.

ಸೋಲಿನ ಮರುವರ್ಷವೇ ಸ್ಥಾಪನೆಯಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ಸಂಘಟನಾ ಕಾರ್ಯದಲ್ಲಿ ಅವರು ತೊಡಗಿಕೊಂಡರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಪಾಲು ಬೇಕೆಂದು ಗಾಂಧೀಜಿಯವರಲ್ಲಿ ವಾದಿಸಿದರು. ಮುಂಬಯಿಯಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು. 1931ರ ಕರಾಚಿ ಕಾಂಗ್ರೆಸ್ ವಯಸ್ಕ ಮತಾಧಿಕಾರವನ್ನು ತನ್ನ ಗುರಿಯಾಗಿ ಅಂಗೀಕರಿಸಿತು. ಆದರೆ 1935ರ ಕಾಯಿದೆ ಆಸ್ತಿಯ ಜೊತೆಗೆ ಸಾಕ್ಷರತೆಯನ್ನೂ, ಆಸ್ತಿವಂತನ ಪತ್ನಿಯಾಗಿರುವುದನ್ನೂ ಮಹಿಳೆಯ ಅರ್ಹತೆಯಾಗಿಸಿತು. ಮತದಾರ್ತಿಯರ ಸಂಖ್ಯೆ ಹೆಚ್ಚಿತು, ನಿಜ. ಆದರೆ ಪತ್ನಿಯೆಂಬ ನೆಲೆಯಲ್ಲಿ ದೊರೆತ ಮತವು ಪತಿಯ ಆಸ್ತಿಯ ನೆರಳಿನಲ್ಲಿಯೇ ಉಳಿಯಿತು.

ಈ ನೆರಳು ಸರಿದದ್ದು ಸಂವಿಧಾನದಿಂದ. ಆದರೂ 1951-52ರ ಮೊದಲ ಮಹಾಚುನಾವಣೆಯ ವೇಳೆ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಉತ್ತರ ಭಾರತದಲ್ಲಿಯೇ ಹೆಚ್ಚಾಗಿದ್ದ ಇವರು ತಮ್ಮ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು. ಆಸ್ತಿಯ ಷರತ್ತು ಹೋದ ಮೇಲೂ ಹೆಸರಿನ ಪ್ರಶ್ನೆ ಉಳಿದಿತ್ತೆಂಬುದಕ್ಕೆ ಇದು ನಿದರ್ಶನ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡು, ರಾಯಚೂರು ಸೀಮೆಯ ಮಹಿಳೆಯರು ಇದೇ ಚುನಾವಣೆಯಲ್ಲಿ ಯಾವ ಆಸ್ತಿಯ ಷರತ್ತೂ ಇಲ್ಲದೆ ನೇರವಾಗಿ ವಯಸ್ಕ ಮತದಾರರಾದರು. ಮಂಗಳೂರಿನಲ್ಲಿ ಮೂರು ದಶಕಗಳ ಕಾಲ ಹಂತಹಂತವಾಗಿ ನಡೆದ ಪಯಣವನ್ನು ಇಲ್ಲಿನವರು ಒಂದೇ ಹೆಜ್ಜೆಯಲ್ಲಿ ಕ್ರಮಿಸಿದರು. 1956ರಲ್ಲಿ ಎರಡೂ ಸೀಮೆಗಳು ಒಂದೇ ರಾಜ್ಯಕ್ಕೆ ಸೇರಿದವು.

ಸ್ವಾತಂತ್ರ್ಯಾನಂತರ ಕಮಲಾದೇವಿಯವರು ನಿರಾಶ್ರಿತರ ಪುನರ್ವಸತಿ, ಸಹಕಾರ ಸಂಘಟನೆ ಮತ್ತು ಕರಕುಶಲ ಕ್ಷೇತ್ರಗಳಿಗೆ ತಮ್ಮನ್ನು ಮುಡಿಪಾಗಿಟ್ಟರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. 1988ರ ಅಕ್ಟೋಬರ್ 29ರಂದು ಅವರು ನಿಧನರಾದರು. ಕುಶಲಕರ್ಮಿ ಮಹಿಳೆಯ ಕೈಗೆ ಸ್ವಂತ ದುಡಿಮೆಯ ಗಳಿಕೆ ಸೇರಬೇಕೆಂಬ ಅವರ ಕಾಳಜಿಯನ್ನು ರಾಜಕೀಯದಿಂದ ವಿಮುಖವಾದ ನಡೆಯೆಂದು ಭಾವಿಸಬೇಕಾಗಿಲ್ಲ. ಆಸ್ತಿಯಿಲ್ಲದ ಮಹಿಳೆಗೆ ಮತವಿಲ್ಲದಿದ್ದ ಕಾಲವನ್ನು ಕಂಡವರು, ಮತ ಬಂದ ಮೇಲೂ ಆಸ್ತಿಯಿಲ್ಲದೆ ಉಳಿದವಳ ಪಕ್ಷ ವಹಿಸಿದರು. 1926ರ ಸೋಲು ಮತ್ತು ಮುಂದಿನ ದುಡಿಮೆ ಒಂದೇ ಪ್ರಶ್ನೆಯ ಎರಡು ಮುಖಗಳಾಗಿವೆ.